ಒಂದೇ ಹಾರ್ಡ್‌ಡಿಸ್ಕಿನ ಎರಡು ಪಾಲು

"ಏಯ್! ಯಾರು ನೀವು? ಮೊದಲು ಆ ಮೌಸಿಂದ ಕೈ ತೆಗೀರಿ!"

ಮೂರ್ನಾಡಿನ ಪೇಟೆಯಲ್ಲಿ, ತಂಗಮ್ಮನವರ ಫೋಟೋ ಸ್ಟುಡಿಯೋದ ಬಾಗಿಲಲ್ಲಿ ನಿಂತು ಯಮುನ ಕೂಗಿದ ಕೂಗಿಗೆ ಎದುರಿನ ಬೇಕರಿಯವನೂ ತಲೆ ಹೊರಗೆ ಹಾಕಿದ.

ಕೂಗದೆ ಇನ್ನೇನು ಮಾಡಿಯಾಳು? ಅಲ್ಲಿ ಆಲ್ಬಮ್ ಮಾಡುವವಳು ಅವಳು; ಅವಳ ಕುರ್ಚಿ, ಅವಳ ಕಂಪ್ಯೂಟರ್! ಅದರ ಮುಂದೆ ಯಾರೋ ಒಬ್ಬ, ತೋಳು ಮಡಚಿದ ನೀಲಿ ಅಂಗಿ, ಹಣೆಯ ಮೇಲೆ ಕೆದರಿದ ಕೂದಲು... ಮಾವನ ಮನೆಗೆ ಬಂದವನ ಹಾಗೆ ಆರಾಮವಾಗಿ ಕೂತಿದ್ದ.

ಅವನು ತಿರುಗಿ ಕೂಡ ನೋಡಲಿಲ್ಲ.

"ಒಂದೇ ನಿಮಿಷ ಕಣ್ರೀ. ಈಗ ಕೈ ತೆಗೆದ್ರೆ ಎರಡೂ ಹೋಗುತ್ತೆ."

"ಎಂತ ಎರಡು?"

"ನಿಮ್ಮದೂ... ನನ್ನದೂ."

ಯಮುನ ಒಳಗೆ ನುಗ್ಗಿದಳು. ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ. ಅದರ ನಡುವೆ ಒಂದು ಗೆರೆ. ಆ ಮಹಾನುಭಾವ ಗೆರೆಯನ್ನು ಹಿಡಿದು ಅವಳ ಕಡೆಗೆ ಎಳೆಯುತ್ತಿದ್ದಾನೆ!

ಒಳಕೋಣೆಯಿಂದ ತಂಗಮ್ಮ ಬಂದರು. ಯಮುನಳ ಜೊತೆ ಅವರದು ಯಾವಾಗಲೂ ಕೊಡಗಿನ ಅರೆಭಾಷೆ; ಹುಡುಗಿಗೆ 'ಗೂಡೆ', ಅಂತ ಎನ್ನಲು 'ತಾ', ಇದೆ ಎನ್ನಲು 'ಉಟ್ಟು'.

"ಎಂತ ಗೂಡೆ, ಬಂದ ಕೂಡ್ಲೆ ಜಗಳನಾ? ನಾನೇ ಹೇಳಿದ್ದ್. ಇವು ತಿಮ್ಮಯ್ಯ ತಾ. ಕಾಫಿ ಬೆಳೆಗಾರರ ಸಂಘದವು ಕಳ್ಸಿದ್ದ್. ಇನ್ನ್ ಮೇಲೆ ಕಂಪ್ಯೂಟರ್ ಬೆಳಗ್ಗೆ ನಿಂಗೆ, ಮಧ್ಯಾಹ್ನ ಕಳ್ದ್ ಅವಂಗೆ."

"ನನ್ನ ಕಂಪ್ಯೂಟರಿಗೂ ಪಾಲಾ?!"

ಆಗ ಅವನು ತಿರುಗಿ ನೋಡಿದ. ನಕ್ಕ. ಆ ನಗು ನೋಡಿ ಯಮುನಳ ಸಿಟ್ಟು ಇನ್ನಷ್ಟು ಏರಿತು. ಯಾಕೆಂದರೆ ನಗು ಚೆನ್ನಾಗಿತ್ತು.

ತಿಮ್ಮಯ್ಯ ಕುಶಾಲನಗರದಾಚೆಯ ಹಳ್ಳಿಯವನು. ಅವನ ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆತನ. ಈಗ ಅವನಿಗೆ ಒಂದೇ ಹುಚ್ಚು: ಮಳೆ! ಕೊಡಗಿನ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವುದು ಹಲ್ಲುಜ್ಜಿದಷ್ಟೇ ಸಹಜ. ಮಳೆ ನಿಂತ ತಕ್ಷಣ ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುವ ಮೊದಲ ಮಾತು, "ನಿಮ್ಮಲ್ಲಿ ಎಷ್ಟು ಸೆಂಟ್?" ನೂರು ಸೆಂಟ್ ಆದರೆ ಒಂದಿಂಚು. ಮನೆಮನೆಯಲ್ಲಿ ಬಿದ್ದಿರುವ ಆ ಲೆಕ್ಕವನ್ನೆಲ್ಲ ಒಟ್ಟುಗೂಡಿಸಿ, ಯಾವ ವರ್ಷ ಯಾವ ತೋಟಕ್ಕೆ ಕಾಫಿಯ ಮೊಗ್ಗು ಅರಳಿಸುವ ಹೂಮಳೆ ಎಷ್ಟು ಬಿತ್ತು ಎಂದು ತೋರಿಸುವ ಒಂದು ನಕ್ಷೆ ಮಾಡುವುದು ಅವನ ಆಸೆ.

"ಆ ನಕ್ಷೆಯ ಸಾಫ್ಟ್‌ವೇರ್ ಲಿನಕ್ಸಲ್ಲಿ ಮಾತ್ರ ಓಡುತ್ತೆ. ನನ್ನ ಲ್ಯಾಪ್‌ಟಾಪ್ ಸಿಡಿಲಿಗೆ ಸುಟ್ಟು ಹೋಯ್ತು. ನಿಮ್ಮ ವಿಂಡೋಸ್ ಹಾಗೇ ಇರುತ್ತೆ, ಹೆದರಬೇಡಿ. ಸ್ವಿಚ್ ಹಾಕಿದಾಗ ಯಾವುದು ಬೇಕು ಅಂತ ಕೇಳುತ್ತೆ, ಅಷ್ಟೇ. ಒಟ್ಟು ನೂರಾ ಅರವತ್ತು ಜಿಬಿ ಇದೆ. ಅರ್ಧ ಅರ್ಧ ಮಾಡೋಣ್ವಾ?"

"ಅರ್ಧವಾ! ಇವತ್ತು ಬಂದವರಿಗೆ ಅರ್ಧ ಪಾಲು ಯಾವ ಊರಲ್ಲಿ ಕೊಡ್ತಾರೆ? ಇಪ್ಪತ್ತು ತಗೊಳ್ಳಿ."

"ಅರವತ್ತು."

"ಮೂವತ್ತು. ಅದೂ ತಂಗಮ್ಮ ಆಂಟಿಯ ಮೋರೆ ನೋಡಿ."

"ನಲವತ್ತು. ನಡುವೆ ಹತ್ತು ಜಿಬಿ ಯಾರಿಗೂ ಸೇರದೆ ಖಾಲಿ ಬಿಡ್ತೀನಿ. ಮುಂದೆ ಯಾರಿಗೆ ಸಾಲದೋ ಅವರಿಗೆ."

ದನ ವ್ಯಾಪಾರಕ್ಕೆ ಕೂತವರ ಹಾಗೆ ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದರು. ಕೊನೆಗೆ ಯಮುನ ಗದ್ದ ಎತ್ತಿ ಹೇಳಿದಳು, "ಆಯ್ತು. ಆದರೆ ಗೆರೆ ದಾಟಿ ಈಚೆ ಬಂದ್ರೆ ಜಾಗ್ರತೆ!"

ಗೆರೆ ಯಾರು ದಾಟಿದರೋ, ಯಾವಾಗ ದಾಟಿದರೋ... ದೇವರೇ ಬಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಅವಳು ಎದ್ದು ಅವನು ಕೂರಬೇಕು. ಆದರೆ ಒಂದು ಗಂಟೆಗೆ ಏಳಬೇಕಾದವಳು ಎರಡಾದರೂ ಅಂಗಡಿಯಲ್ಲೇ ಇರುತ್ತಿದ್ದಳು. ಅವನೋ, ಒಂದಕ್ಕೆ ಬರಬೇಕಾದವನು ಹನ್ನೊಂದಕ್ಕೇ ಹಾಜರ್!

"ಎಂತ, ಗಡಿಯಾರ ಇಲ್ಲವಾ ನಿಮ್ಮ ಊರಲ್ಲಿ?"

"ಇದೆ ಕಣ್ರೀ. ಆದ್ರೆ ಅದು ಮೂರ್ನಾಡಿಗೆ ಬಂದ್ರೆ ಓಡುತ್ತೆ."

ಯಮುನ ಮೋರೆ ತಿರುಗಿಸಿ ನಗು ನುಂಗಿಕೊಂಡಳು. 'ಇವನು ಮಾತಾಡಿದ್ರೆ ನಂಗೆ ಯಾಕೆ ಹೀಗಾಗ್ತದೆ?' ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ ಅದು!

ಅವಳ ತಂದೆ ಪದ್ಮಯ್ಯ ಯಾರಿಗೂ ಮುಟ್ಟಲು ಕೊಡದ ಮಳೆಯ ಲೆಕ್ಕವನ್ನು ತಿಮ್ಮಯ್ಯನಿಗೆ ಕೊಡಿಸಿದವಳೂ ಅವಳೇ. ಅವಳ ಅಜ್ಜ ಅಪ್ಪಯ್ಯ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅಂಗಳದಲ್ಲಿ ಮಳೆಮಾಪಕ ನೆಟ್ಟು ಬರೆಯಲು ಶುರುಮಾಡಿದ ಲೆಕ್ಕ ಅದು. ಒಂದು ಹನಿಯೂ ತಪ್ಪಿಲ್ಲ! ಅದನ್ನು ನೋಡಿ ತಿಮ್ಮಯ್ಯನ ಕಣ್ಣು ಒದ್ದೆಯಾದದ್ದು ಯಮುನಳಿಗೆ ಕಂಡಿತ್ತು. ಆ ದಿನವೇ ಅವಳು ಸೋತದ್ದು.

ಅವಳು ಓದಿ ಹೇಳುತ್ತಿದ್ದಳು, ಅವನು ಟೈಪ್ ಮಾಡುತ್ತಿದ್ದ. ಹೀಗೆ ಊರಿನ ಮಳೆಯೆಲ್ಲ ಅವನ ನಲವತ್ತು ಜಿಬಿಯೊಳಗೆ ಸೇರಿತು.

ಮಾರ್ಚ್ ಬಂತು. ಶನಿವಾರ ಬೆಳೆಗಾರರ ಸಂಘದ ಸಭೆ. ಅಲ್ಲಿ ತಿಮ್ಮಯ್ಯ ನಕ್ಷೆ ತೋರಿಸಬೇಕು. ಅವರು ಒಪ್ಪಿದರೆ ಕೆಲಸ ಮುಂದುವರಿಯುತ್ತದೆ, ಇರಲು ಕೋಣೆಯೂ ಸಂಬಳವೂ ಸಿಗುತ್ತದೆ.

"ಒಪ್ಪದಿದ್ರೆ?" ಎಂದು ಕೇಳಿದಳು ಯಮುನ.

"ಒಪ್ಪದಿದ್ರೆ ಸೋಮವಾರ ಊರಿಗೆ. ಶುಂಠಿ ಹಾಕೋ ಕಾಲ. ಅವ್ವ ಕಾಯ್ತಾ ಇದ್ದಾರೆ."

ಶುಂಠಿಯಂತೆ ಶುಂಠಿ! ಯಮುನಳಿಗೆ ಅಂದಿನಿಂದ ಶುಂಠಿ ಕಾಫಿಯೂ ಕಹಿಯಾಯಿತು.

ಅದೇ ವಾರ ಸಂಘದ ಅಧ್ಯಕ್ಷ ಬೊಳ್ಳಪ್ಪನವರ ಮಗಳ ಮದುವೆಯ ಫೋಟೋಗಳೂ ಬಂದು ಬಿದ್ದವು. ಸಾವಿರಾರು ಫೋಟೋ! ಯಮುನಳ ಪಾಲು ತುಂಬಿ ತುಳುಕಿತು. ಬುಧವಾರ ಅವಳು ಬಾಯಿಬಿಟ್ಟು ಕೇಳಿದಳು.

"ಆ ನಡುವಿನ ಹತ್ತು ಜಿಬಿ ನಂಗೆ ಕೊಡಿ. ಜಾಗ ಸಾಲ್ತಾ ಇಲ್ಲ."

"ಶನಿವಾರ ಆಗ್ಲಿ. ಈಗ ಗೆರೆ ಅಲುಗಾಡಿಸಿದ್ರೆ ನಂದೆಲ್ಲ ಅಪಾಯಕ್ಕೆ ಬೀಳುತ್ತೆ. ಬೇಡ."

"ನಂದು ನಾಳೆಯೇ ಆಗ್ಬೇಕು. ಬೊಳ್ಳಪ್ಪ ಮಾವ ದಿನಾ ಬಂದು ಕೂರ್ತಾರೆ!"

"ಬೇಡ ಅಂದ್ನಲ್ಲ ಯಮುನ!"

ಅವನ ದನಿ ಮೊದಲ ಸಲ ಗಡುಸಾಗಿತ್ತು. ಯಮುನಳಿಗೆ ಮೂಗಿನ ತುದಿಯಲ್ಲೇ ಸಿಟ್ಟು.

"ನೀವು ಕೊಡದಿದ್ರೆ ನಾನೇ ತಗೊಳ್ತೇನೆ. ನೋಡ್ತಾ ಇರಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಅವಳ ಮಾತು ಆಡಿಯಾಗಿತ್ತು.

ಗುರುವಾರ ಬೆಳಗ್ಗೆ ಅವಳು ಜಾಗ ಹುಡುಕುತ್ತ, ಯಾವತ್ತೂ ಮುಟ್ಟದ 'ಜಿ' ಡ್ರೈವಿನ ಮೇಲೆ ಒತ್ತಿದಳು. ಪರದೆಯ ಮೇಲೆ ಒಂದು ಪ್ರಶ್ನೆ ಎದ್ದಿತು: ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಬೇಕೇ?

'ಓ! ಅವನು ನಡುವೆ ಖಾಲಿ ಬಿಟ್ಟದ್ದು ಇದೇ' ಎಂದುಕೊಂಡಳು. ಖಾಲಿ ಜಾಗ ತಾನೇ? ಗೆರೆಯನ್ನಂತೂ ತಾನು ಮುಟ್ಟುತ್ತಿಲ್ಲ. ಇದರಲ್ಲಿ ಫೋಟೋ ತುಂಬಿಸಿಟ್ಟು ಆಲ್ಬಮ್ ಮುಗಿಸಿದರೆ ಅವನಿಗೂ ತೊಂದರೆ ಇಲ್ಲ.

ಹೌದು ಎಂದು ಒತ್ತಿದಳು.

ಕಣ್ಣು ಮುಚ್ಚಿ ಬಿಡುವುದರೊಳಗೆ ಮುಗಿಯಿತು. ಫೋಟೋ ಕಾಪಿ ಮಾಡಲು ಹೊರಟಾಗ ಫಕ್ಕನೆ ಕರೆಂಟು ಹೋಯಿತು. ಯುಪಿಎಸ್ಸೂ ಕೀರಲು ದನಿ ತೆಗೆದು ಮಲಗಿತು. ಯಮುನ ಗೊಣಗುತ್ತ ಬೇಕರಿಗೆ ಹೋಗಿ ಒಂದು ಪಫ್ಸ್ ತಿಂದು ಬಂದಳು.

ಅವಳು ಬರುವಾಗ ಕರೆಂಟು ಬಂದಿತ್ತು. ತಿಮ್ಮಯ್ಯನೂ ಬಂದಿದ್ದ. ಕಪ್ಪು ಪರದೆಯ ಮುಂದೆ ಅಲುಗಾಡದೆ ಕೂತಿದ್ದ. ಯಾವುದು ಬೇಕು ಎಂದು ಕಂಪ್ಯೂಟರ್ ಕೇಳಲೇ ಇಲ್ಲ. ಒಂದೇ ಸಾಲು, ಎರರ್ ಎಂದು. ಅವನದೂ ಇಲ್ಲ, ಅವಳದೂ ಇಲ್ಲ! ಯಾವುದನ್ನು ತೆರೆಯಬೇಕೆಂದು ಕೇಳುವ ಆ ಬಾಗಿಲು ಇದ್ದದ್ದು ಅವನ ಪಾಲಿನಲ್ಲೇ.

"ಏನ್ ಮಾಡಿದ್ರಿ?" ಅವನ ದನಿ ತೀರ ತಗ್ಗಿತ್ತು.

"ನಾ... ನಾನು ಆ ಖಾಲಿ ಜಾಗ... ಜಿ ಡ್ರೈವ್... ಫಾರ್ಮ್ಯಾಟ್..."

"ಜಿ ಡ್ರೈವ್ ಖಾಲಿ ಜಾಗ ಅಲ್ಲ ಯಮುನ. ಅದು ನಾನು."

ಯಮುನ ಓಡಿಬಂದು ಪರದೆ ನೋಡಿದಳು.

"ನಂಗೆ ಗೊತ್ತಿರಲಿಲ್ಲ... ದೇವರಾಣೆ ಗೊತ್ತಿರಲಿಲ್ಲ!"

"ನಿನ್ನೆ ಹೇಳಿದ್ರಲ್ಲ, ನಾನೇ ತಗೊಳ್ತೇನೆ ಅಂತ." ಅವನು ಎದ್ದು ಬ್ಯಾಗು ಹೆಗಲಿಗೆ ಹಾಕಿದ. "ತಗೊಂಡ್ರಿ. ಮದುವೆ ಫೋಟೋ ಚೆನ್ನಾಗಿ ಬರಲಿ."

"ತಿಮ್ಮಯ್ಯ... ಒಂದು ನಿಮಿಷ ನಿಲ್ಲಿ!"

ಅವನು ನಿಲ್ಲಲಿಲ್ಲ. ಬೈಕಿನ ಸದ್ದು ಮಡಿಕೇರಿ ರಸ್ತೆಯ ತಿರುವಿನಲ್ಲಿ ಕರಗಿತು. ಯಮುನ ಅಂಗಡಿಯ ಮೆಟ್ಟಿಲಲ್ಲೇ ಕುಸಿದು ಕೂತು ಅತ್ತಳು. ನಲವತ್ತು ಜಿಬಿ ಹೋದದ್ದಕ್ಕಲ್ಲ... ತಾನು ಬೇಕೆಂದೇ ಮಾಡಿದೆ ಎಂದು ಅವನು ನಂಬಿದ್ದಕ್ಕೆ!

ಸಂಜೆ ಅಂಗಳದಲ್ಲಿ ಪದ್ಮಯ್ಯ ಮಗಳ ಮೋರೆ ನೋಡಿದರು. "ಎಂತ ಆತ್ ಮಗ?"

ಯಮುನ ಎಲ್ಲವನ್ನೂ ಹೇಳಿದಳು. ಕೊನೆಗೆ ಬಿಕ್ಕುತ್ತ, "ಅದರಲ್ಲಿ ಎಂತದೂ ಇಲ್ಲೆ ತಾ ತೋರ್ಸಿತ್ ಅಪ್ಪ!" ಎಂದಳು.

ಪದ್ಮಯ್ಯ ಮನೆಯ ಹಿಂದಿನ ಗುಡ್ಡದ ಕಡೆ ಕೈ ತೋರಿಸಿದರು. ಅದು ಅವರ ಬಾಣೆ. ಗದ್ದೆಗೆ ಸೇರಿದ ಕಾಡು. ಸೊಪ್ಪು, ಸೌದೆ, ದನದ ಮೇವು ಎಲ್ಲ ಅಲ್ಲಿಂದಲೇ.

"ಹೊರಗಿಂದ ಬಂದವು ನಮ್ಮ ಬಾಣೆ ನೋಡಿರೆ ಎಂತ ಹೇಳುವೊ? ಖಾಲಿ ಜಾಗ ತಾ. ಅದ್ ಇಲ್ಲದಿದ್ರೆ ಗದ್ದೆ ಇಲ್ಲೆ ತಾ ಅವ್ಕೆ ಗೊತ್ತಿಲ್ಲೆ. ನಿಂಗೆ ಓದಿಕೆ ಗೊತ್ತಿಲ್ಲೆ ತೇಳಿ ಅದ್ ಖಾಲಿನಾ ಮಗ?"

ಯಮುನ ತಲೆ ತಗ್ಗಿಸಿದಳು. ಬಾಣೆಯ ನೆರಳಲ್ಲೇ ಬೆಳೆದ ಹುಡುಗಿ ತಾನು, ತಾನೇ ಹಾಗೆ ಮಾಡಿದೆನಲ್ಲ! ವಿಂಡೋಸ್‌ಗೆ ಓದಲು ಬಾರದ್ದನ್ನು ಅದು ಏನೂ ಇಲ್ಲ ಎಂದಿತು. ತಾನು ಅದನ್ನು ನಂಬಿದೆ...

ಓದಲು ಬಾರದ್ದು... ಏನೂ ಇಲ್ಲ ಎಂದು ತೋರಿಸುವುದು...

ತಟ್ಟನೆ ಅವಳು ನೆಟ್ಟಗೆ ಕೂತಳು.

ಸ್ಟುಡಿಯೋದಲ್ಲಿ ಇದು ಹೊಸದೇ? ಕ್ಯಾಮೆರಾದ ಕಾರ್ಡನ್ನು ತಿಳಿಯದೆ ಫಾರ್ಮ್ಯಾಟ್ ಮಾಡಿ ಅಳುತ್ತ ಬಂದವರು ಎಷ್ಟು ಜನ! ಆಗೆಲ್ಲ ತಂಗಮ್ಮ ಕೇಳುವುದು ಒಂದೇ ಮಾತು: ಆಮೇಲೆ ಹೊಸ ಫೋಟೋ ತೆಗೆದಿರಾ? ತೆಗೆದಿಲ್ಲ ಎಂದರೆ ಮಡಿಕೇರಿಗೆ ಕಳಿಸಿ ಹಳೆಯದನ್ನೆಲ್ಲ ವಾಪಸ್ಸು ತರಿಸುತ್ತಿದ್ದರು!

'ನಾನು ಕಾಪಿ ಮಾಡಲೇ ಇಲ್ಲ! ಕರೆಂಟು ಹೋಗಿತ್ತಲ್ಲ! ಒಂದೇ ಒಂದು ಫೋಟೋವನ್ನೂ ಹಾಕಿಲ್ಲ!'

ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್! ಈ ಗಂಡಸರಿಗೆ ಸಿಟ್ಟು ಬಂದರೆ ಮೊದಲು ಆರುವುದೇ ಫೋನು.

ತಂಗಮ್ಮನಿಗೆ ಫೋನ್ ಮಾಡಿ ಅಂಗಲಾಚಿದಳು. "ಆಂಟಿ, ನಾಳೆ ನಾ ಬರುವವರೆಗೆ ಕಂಪ್ಯೂಟರ್ ಯಾರೂ ಮುಟ್ಟಬಾರ್ದ್!"

"ಬೊಳ್ಳಪ್ಪಣ್ಣ ಬಂದ್ ಕೇಳಿರೆ ನಾ ಎಂತ ಹೇಳುದು ಗೂಡೆ?"

"ಮುಟ್ಟಿರೆ ನಾ ಕೊಲ್ನೆ ತಾ ಹೇಳಿ!"

ಶುಕ್ರವಾರ ಬೆಳಗ್ಗಿನ ಮೊದಲ ಬಸ್ಸು. ಮಡಿಕೇರಿಯಲ್ಲಿ ಇಳಿದು ಕುಶಾಲನಗರದ ಬಸ್ಸು, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಅವಳ ಮನಸ್ಸಿನಲ್ಲಿ ಒಂದೇ ಜಪ... ಸಿಗಲಿ, ಅವನು ಸಿಗಲಿ.

ಹೆಂಚಿನ ಮನೆಯ ಜಗಲಿಯಲ್ಲಿ ಅವನ ತಾಯಿ ಕಾಮಾಕ್ಷಮ್ಮ ಅವರೆಕಾಳು ಹಸನು ಮಾಡುತ್ತಿದ್ದರು.

"ಬಾ ತಾಯಿ. ಯಾರವ್ವ ನೀನು?"

"ಮೂರ್ನಾಡಿಂದ ಬಂದೆ ಅಮ್ಮ. ಯಮುನ ಅಂತ."

ಕಾಮಾಕ್ಷಮ್ಮನ ಕೈಯಿಂದ ಮೊರ ಜಾರಿತು. "ಅಯ್ಯೋ ಶಿವನೇ! ಆ ಜಗಳಗಂಟಿ ಯಮುನಾನಾ?!"

ಯಮುನಳ ಮುಖ ಕೆಂಪಡರಿತು.

"ದಿನಾ ಫೋನಲ್ಲಿ ನಿನ್ ಸುದ್ದಿನೇ ಕಣವ್ವ ಅವನದು. ಇವತ್ತು ಯಮುನ ಹಂಗಂದ್ಲು, ಯಮುನ ಹಿಂಗಂದ್ಲು. ನಿನ್ನೆ ಬಂದವನು ಮಾತ್ರ ಒಂದ್ ಮಾತೂ ಆಡಿಲ್ಲ, ಒಂದ್ ತುತ್ತೂ ಉಂಡಿಲ್ಲ. ಅಗೋ, ಹೊಲದಲ್ಲವ್ನೆ. ಹೋಗು, ಏನಾದ್ರೂ ಮಾಡು!"

ಯಮುನ ಓಡಿದಳು. ತಿಮ್ಮಯ್ಯ ಶುಂಠಿಗೆ ಮಡಿ ಕೊಚ್ಚುತ್ತಿದ್ದ. ಅವಳನ್ನು ನೋಡಿ ಗುದ್ದಲಿ ಗಾಳಿಯಲ್ಲೇ ನಿಂತಿತು.

"ನೀವು ಇಲ್ಲಿ..."

"ಮಾತಾಡಬೇಡಿ! ಕೇಳಿ ಮಾತ್ರ!" ಏದುಸಿರು ಬಿಡುತ್ತ ಅವಳು ಹೇಳಿದಳು. "ನಾನು ತಪ್ಪು ಮಾಡಿದೆ. ನಡುವೆ ಬಿಟ್ಟ ಖಾಲಿ ಜಾಗ ಅದೇ ಅಂದ್ಕೊಂಡೆ. ನಿಮ್ಮ ಮೇಲಿನ ಸಿಟ್ಟಿಗೆ ಮಾಡಿದ್ದಲ್ಲ. ನಂಬದಿದ್ರೆ ಬೇಡ. ಆದರೆ ಫಾರ್ಮ್ಯಾಟ್ ಆದ ಮೇಲೆ ಕರೆಂಟು ಹೋಯ್ತು. ಅದರ ಮೇಲೆ ಒಂದಕ್ಷರವೂ ಬರೆದಿಲ್ಲ!"

"ಏನು?" ಅವನ ಕಣ್ಣು ಅಗಲವಾದವು. "ಮದುವೆ ಫೋಟೋ ಕಾಪಿ ಮಾಡಿಲ್ವಾ?!"

"ಒಂದೂ ಇಲ್ಲ!"

"ಯಮುನ!!" ಗುದ್ದಲಿ ನೆಲಕ್ಕೆ ಬಿತ್ತು. "ಹಾಗಾದ್ರೆ ಎಲ್ಲ ಒಳಗೇ ಇರಬಹುದು ಕಣ್ರೀ! ಮೇಲಿನ ಹೆಸರಷ್ಟೇ ಅಳಿಸಿರೋದು. ನಾನೊಬ್ಬ ಪೆದ್ದ... ಒಂದು ಮಾತೂ ಕೇಳದೆ ಎದ್ದು ಬಂದ್ಬಿಟ್ಟೆ!"

"ಪೆದ್ದ ಹೌದು. ಈಗ ಬೈಕ್ ತೆಗೀರಿ!"

ಕಾಮಾಕ್ಷಮ್ಮ ಕೊಟ್ಟ ರೊಟ್ಟಿ ಕೈಯಲ್ಲಿ, ಲಿನಕ್ಸ್ ಸಿಡಿ ಬ್ಯಾಗಿನಲ್ಲಿ. ಬೈಕು ಘಟ್ಟ ಹತ್ತಿತು. ಮಡಿಕೇರಿ ದಾಟುವಾಗ ಒಂದು ಗುಡುಗು. ಮರುಕ್ಷಣ ಸುರಿಯಿತು ನೋಡಿ! ತಿಂಗಳಿನಿಂದ ಇಡೀ ಕೊಡಗು ಕಾಯುತ್ತಿದ್ದ ಹೂಮಳೆ! ರಸ್ತೆಬದಿಯಲ್ಲಿ ಯಾರೋ ಟವೆಲ್ ಬೀಸಿ ಕುಣಿದರು.

"ನಿಲ್ಲಿಸೋಣ್ವಾ?" ಎಂದು ಅವನು ಕೂಗಿ ಕೇಳಿದ.

"ಬೇಡ! ಹೋಗಿ!"

ನೆನೆದು ತೊಪ್ಪೆಯಾಗಿ ಅಂಗಡಿಗೆ ನುಗ್ಗಿದರೆ... ಕಂಪ್ಯೂಟರಿನ ಮುಂದೆ ಮಡಿಕೇರಿಯ ಮೆಕ್ಯಾನಿಕ್! ಹಿಂದೆ ಸೊಂಟಕ್ಕೆ ಕೈಯಿಟ್ಟು ನಿಂತ ಬೊಳ್ಳಪ್ಪ. ಪಕ್ಕದಲ್ಲಿ ಕೈ ಹಿಸುಕುವ ತಂಗಮ್ಮ.

"ಪೂರ್ತಿ ಕ್ಲೀನ್ ಮಾಡಿ ಹೊಸದಾಗಿ ಹಾಕ್ತೇನೆ. ಅರ್ಧ ಗಂಟೆ ಸಾಕು," ಎನ್ನುತ್ತ ಮೆಕ್ಯಾನಿಕ್ ಬೆರಳನ್ನು ಕೀಬೋರ್ಡಿನ ಮೇಲೆ ತಂದಿದ್ದ.

ಯಮುನ ನೇರ ಹೋಗಿ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತಳು!

"ಎಂತ ಯಮುನ ಇದ್! ನನ್ನ ಮಗಳ ಆಲ್ಬಮ್?" ಬೊಳ್ಳಪ್ಪ ಗುಡುಗಿದರು.

"ಮಾವ, ನಿಮ್ಮ ಫೋಟೋ ಕ್ಯಾಮೆರಾ ಕಾರ್ಡಲ್ಲಿ ಭದ್ರ ಉಟ್ಟು. ಇದರೊಳಗೆ ಊರಿನ ಮಳೆ ಉಟ್ಟು. ನಿಮ್ಮ ಅಪ್ಪನ ಕಾಲದ್ದೂ ಸೇರಿ! ಇವತ್ತೊಂದಿನ ಬಿಡಿ. ಆಲ್ಬಮ್ ನಾ ದುಡ್ಡಿಲ್ಲದೆ ಮಾಡಿಕೊಡ್ನೆ!"

ಬೊಳ್ಳಪ್ಪ ನೀರು ತೊಟ್ಟಿಕ್ಕುತ್ತಿದ್ದ ಆ ಇಬ್ಬರನ್ನು ನೋಡಿ, ಏಳುವಂತೆ ಮೆಕ್ಯಾನಿಕ್ಕಿಗೆ ಸನ್ನೆ ಮಾಡಿದರು.

ತಿಮ್ಮಯ್ಯ ಸಿಡಿ ಹಾಕಿದ. ಪರದೆಯ ಮೇಲೆ ಸಾಲುಸಾಲು ಅಕ್ಷರಗಳು ಓಡತೊಡಗಿದವು. ಕಂಪ್ಯೂಟರ್ ತನ್ನ ಹೊಟ್ಟೆಯನ್ನೆಲ್ಲ ತಾನೇ ತಡಕಾಡುತ್ತಿತ್ತು. ಹತ್ತು... ಮೂವತ್ತು... ಅರವತ್ತು ಪರ್ಸೆಂಟ್... ಏನೂ ಇಲ್ಲ. ಯಮುನ ಕಣ್ಣು ಮುಚ್ಚಿಕೊಂಡಳು. ಮೇಜಿನ ಮೇಲಿದ್ದ ಅವಳ ಕೈಯ ಮೇಲೆ ಇನ್ನೊಂದು ಕೈ ಬಂತು.

"ಯಮುನ... ನೋಡಿ."

ಕಣ್ಣು ತೆರೆದಳು. ಒಂದೊಂದಾಗಿ ಹೆಸರುಗಳು ಎದ್ದು ಬರುತ್ತಿದ್ದವು. ಬೊಳ್ಳಪ್ಪನವರ ತೋಟ. ಪದ್ಮಯ್ಯನವರ ತೋಟ. ಅಪ್ಪಯ್ಯ, ಮೈಸೂರು ರಾಜ್ಯದ ವರ್ಷಗಳು...

"ಬಂತು! ಬಂತು!!" ಯಮುನ ಕುಣಿದೇಬಿಟ್ಟಳು. ತಂಗಮ್ಮ ಅವಳನ್ನು ತಬ್ಬಿದರು. ಮೆಕ್ಯಾನಿಕ್ಕೂ ಚಪ್ಪಾಳೆ ತಟ್ಟಿದ, ಪಾಪ.

ಗಲಾಟೆ ಅಡಗಿದ ಮೇಲೆ ತಿಮ್ಮಯ್ಯ ಮೆಲ್ಲಗೆ, "ಯಮುನ, ನಿಮಗೊಂದು ಮಾತು ಹೇಳ್ಬೇಕು..." ಎಂದ.

ಅವಳ ಫೋನ್ ಬಡಿದುಕೊಂಡಿತು. ಅಪ್ಪ! "ಮಗ, ನಮ್ಮಲ್ಲಿ ತೊಂಬತ್ತು ಸೆಂಟ್!"

ಇಟ್ಟಳು. ಅವನು ಮತ್ತೆ ಬಾಯಿ ತೆರೆದ. ತಂಗಮ್ಮನ ಫೋನ್! ಅಂಗಡಿಯ ಫೋನ್! ಊರೆಲ್ಲ ಮಳೆ ಒಪ್ಪಿಸಲು ಹೊರಟಿತ್ತು. ಅವನು ಹೇಳಬೇಕಾದದ್ದು ಆ ಸಂಜೆ ಸೆಂಟುಗಳಡಿ ಹೂತುಹೋಯಿತು.

ಶನಿವಾರದ ಸಭೆಯಲ್ಲಿ ನಕ್ಷೆ ತೆರೆದುಕೊಂಡಾಗ ಎಲ್ಲರೂ ಒಟ್ಟಿಗೇ ಮಾತು ಶುರುಮಾಡಿದರು! ಆ ವರ್ಷ ತೋರಿಸು, ಈ ವರ್ಷ ತೋರಿಸು ಎಂದು ಅಜ್ಜಂದಿರು ಮಕ್ಕಳ ಹಾಗೆ ಜಗಳವಾಡಿದರು. ಬೊಳ್ಳಪ್ಪನವರೇ ಎದ್ದು ನಿಂತರು.

"ಈ ಹುಡುಗ ಇಲ್ಲೇ ಇರ್ಬೇಕು. ಕೋಣೆ ನಾನು ಕೊಡ್ತೇನೆ. ಆಲ್ಬಮ್ ಮಾತ್ರ ಯಮುನ ಬೇಗ ಕೊಡ್ಲಿ!"

ನಗು, ಚಪ್ಪಾಳೆ. ಹೊರಗೆ ಜಗಲಿಯಲ್ಲಿ ತಿಮ್ಮಯ್ಯ ಊರಿಗೆ ಫೋನ್ ಮಾಡಿದ. ಯಮುನ ಪಕ್ಕದಲ್ಲೇ ನಿಂತಿದ್ದಳು.

"ಅವ್ವ, ಒಪ್ಪಿದ್ರು! ಇಲ್ಲೇ ಇರ್ಬೇಕಂತೆ!"

ಕಾಮಾಕ್ಷಮ್ಮನ ದನಿಗೆ ಸ್ಪೀಕರ್ ಬೇಕಿರಲಿಲ್ಲ. "ಅದು ಒಪ್ತಾರೆ ಅಂತ ನಂಗೆ ಗೊತ್ತಿತ್ತು ಬಿಡು. ಹುಡುಗೀನ ಕೇಳ್ದಾ? ಅವಳೇನಂದ್ಲು?"

ತಿಮ್ಮಯ್ಯನ ಕಿವಿ ಕೆಂಪಾದವು. "ಇನ್ನೂ... ಕೇಳಿಲ್ಲ ಅವ್ವ."

"ಕೇಳಿಲ್ವಾ?! ನೆನ್ಕೊಂಡು ಅಷ್ಟು ದೂರ ಬಂದ್ ಕರ್ಕೊಂಡು ಹೋದ್ಲಲ್ಲೋ! ಇನ್ನೇನ್ ಪಲ್ಲಕ್ಕಿ ತರ್ಬೇಕಿತ್ತಾ?"

ನೆನೆದದ್ದು ವಾಪಸ್ಸು ಬರುವಾಗ ಎಂದು ಅವನು ತಿದ್ದಲು ಹೋಗಲಿಲ್ಲ. ಫೋನನ್ನು ಎದೆಗೆ ಒತ್ತಿಕೊಂಡು ಯಮುನಳ ಕಡೆ ತಿರುಗಿದ.

"ಯಮುನ... ಸಭೆ ಒಪ್ಪದಿದ್ರೂ ನಾನು ಇವತ್ತು ಕೇಳೋನೇ ಇದ್ದೆ. ನಿಮ್ಮನ್ನ ನಂಬದೆ ಎದ್ದು ಹೋದೆ. ಇನ್ನು ಯಾವತ್ತೂ ಹಾಗೆ ಹೋಗಲ್ಲ. ನನ್ನ... ನನ್ನ ಮದುವೆ ಆಗ್ತೀರಾ?"

ಯಮುನ ಕಣ್ಣು ತುಂಬಿಕೊಂಡು ಕೈ ಚಾಚಿ ಫೋನ್ ಕಿತ್ತುಕೊಂಡಳು.

"ಈಗ ಕೇಳಿದ್ರು... ಅತ್ತೆ."

ಆ ಕಡೆ ಕಾಮಾಕ್ಷಮ್ಮ ನಗುತ್ತ ಅಳುವುದು ಜಗಲಿಗೆಲ್ಲ ಕೇಳಿಸಿತು.

ತಿಮ್ಮಯ್ಯ ಅವಳ ಎದುರು ಬಂದು ನಿಂತ. "ಏನಂದೆ? ಅವ್ವನ್ನ ಏನಂತ ಕರೆದೆ ನೀನು?"

"ಎಂತ, ತಪ್ಪಾಯ್ತಾ?"

"ಇಲ್ಲ... ಇನ್ನೊಂದ್ಸಲ ಅನ್ನು."

"ಊಹೂಂ! ಅದು ನಂಗೂ ಅತ್ತೆಗೂ ಇರುವ ಮಾತು. ನಿಮಗೆ ಬೇಕಾದ್ರೆ ಹೋಗಿ, ಒಳಗೆ ನಮ್ಮಪ್ಪ ಇದ್ದಾರೆ, ಅವರನ್ನ ಮಾವ ಅಂತ ಕರೀರಿ!"

ಅವನು ನಿಜವಾಗಿಯೂ ಒಳಗೆ ಹೊರಟ.